ಎದುರುಮನೆಯ ಟಚ್‌ಡೌನ್

ಸೋಮವಾರ ಬೆಳಗಿನ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ಎದುರುಮನೆಯ ಅಂಕಲ್ ಎತ್ತಿದ ಸೌಟು ಗಾಳಿಯಲ್ಲೇ ನಿಂತಿತು. ಆಫೀಸಿಗೆ ಹೊರಡಲು ಇನ್ನೆಷ್ಟು ಹೊತ್ತಿದೆಯೆಂದು ನಾನು ಆಗಷ್ಟೇ ಗೋಡೆ ಗಡಿಯಾರ ನೋಡಿದ್ದೆ. ಹಾಗಾಗಿ ಆ ಸಮಯ ತಲೆಯಿಂದ ಹೋಗುತ್ತಿಲ್ಲ. ಅಂಕಲ್ ಎಡಗೈಯಲ್ಲಿ ಸ್ಟೀಲಿನ ದೊಡ್ಡ ಹರಿವಾಣ, ಬಲಗೈಯಲ್ಲಿ ಸೌಟು, ಮೈಮೇಲೆ ಬನಿಯನ್ ಮತ್ತು ಚೌಕಳಿ ಲುಂಗಿ, ತಲೆಯಲ್ಲಿ ಕಿವಿ ಮುಚ್ಚುವ ನೀಲಿ ಉಣ್ಣೆ ಟೋಪಿ. ಟಿವಿಯ ಅಮೆರಿಕನ್ ಫುಟ್‌ಬಾಲಿನಲ್ಲಿ ಅವರ ತಂಡ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಟಚ್‌ಡೌನ್ ಹೊಡೆದಿತ್ತು. ಹರಿವಾಣಕ್ಕೆ ಎರಡು ಪೆಟ್ಟು ಬಿದ್ದಿದ್ದವು. ಮೂರನೆಯದು ಬೀಳುವ ಮೊದಲು ಅವರ ಮೂಗಿನ ಹೊಳ್ಳೆಗಳು ಅರಳಿದವು.

“ಎಂತದೋ ಸುಡ್ತಾ ಉಂಟು ಮಾರಾಯ,” ಎಂದರು. “ಅಡಿಗೆ ಅಲ್ಲ ಇದು.”

ಶಾರ್ಜಾದ ಗಡಿಗೆ ತಾಗಿದ ಅಲ್ ಕುಸೈಸಿನ ಆ ಕಟ್ಟಡದ ಐದನೇ ಮಹಡಿಯಲ್ಲಿ ಅವರದು ನಮ್ಮ ಎದುರು ಬಾಗಿಲು. ಮಂಗಳೂರಿನವರು. ಈಗ ಒಂದು ಶಾಲೆಯ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಅದಕ್ಕೂ ಮೊದಲು ಬಹಳ ವರ್ಷ ಅಬುಧಾಬಿಯ ಕಡೆ, ಸಮುದ್ರದ ನಡುವಿನ ಎಣ್ಣೆ ಬಾವಿಯೊಂದರ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಅಮೆರಿಕದವರು ಮೊಟ್ಟೆ ತಿನ್ನುತ್ತಾ ತಮ್ಮೂರಿನ ಫುಟ್‌ಬಾಲ್ ನೋಡುತ್ತಿದ್ದರಂತೆ. ಅವರಲ್ಲೊಬ್ಬ, “ನೀನೂ ಒಂದು ತಂಡ ಆರಿಸಿಕೋ” ಎಂದಾಗ ಅಂಕಲ್ ಆ ದಿನ ಸೋಲುತ್ತಿದ್ದ ತಂಡವನ್ನು ತೋರಿಸಿ ಇದೇ ಇರಲಿ ಅಂದರಂತೆ.

“ಯಾಕೆ ಅಂಕಲ್ ಸೋಲುವವರನ್ನು?”

“ಗೆಲ್ಲುವವರಿಗೆ ಜನ ಉಂಟಲ್ಲ.”

ಮೆಸ್ಸಿನಲ್ಲಿ ತಿಂಡಿ ಆಯಿತೆಂದು ಕರೆಯಲು ಹರಿವಾಣ ಬಡಿಯುವುದಿತ್ತು. ತಂಡಕ್ಕೆ ಪಾಯಿಂಟ್ ಬಂದಾಗಲೂ ಬಡಿಯುವುದು ಹಾಗೇ ರೂಢಿಯಾಯಿತು. ಬಾವಿಯ ಕೆಲಸ ಬಿಟ್ಟರೂ ಅವರು ತಂಡವನ್ನು ಬಿಡಲಿಲ್ಲ, ಹರಿವಾಣವನ್ನೂ ಬಿಡಲಿಲ್ಲ. ಅಲ್ಲಿಯ ಭಾನುವಾರದ ಆಟಗಳು ಇಲ್ಲಿ ನಮಗೆ ರಾತ್ರಿಯೆಲ್ಲ ಹರಡಿಕೊಂಡಿರುತ್ತವೆ. ಅಂಕಲ್ ಬೇಗ ಮಲಗಿ, ಸೋಮವಾರ ಐದಕ್ಕೆ ಎದ್ದು, ರೆಕಾರ್ಡ್ ಆದದ್ದನ್ನು ನೋಡುತ್ತಿದ್ದರು. ಅಲ್ಲಿಯ ತನಕ ಫೋನ್ ಆಫ್. ಸ್ಕೋರ್ ಬಾಯಿಬಿಟ್ಟವರ ಜೊತೆ ಒಂದು ವಾರ ಮಾತು ಬಂದ್. ತಂಡದ ಊರಿನಲ್ಲಿ ಹಿಮ ಬೀಳುತ್ತದಂತೆ, ಅದಕ್ಕೇ ಉಣ್ಣೆ ಟೋಪಿ. ಟೋಪಿ ಹಾಕಿದರೆ ಬೆವರುತ್ತದೆ, ಅದಕ್ಕೇ ಏಸಿ ಹದಿನೆಂಟಕ್ಕೆ.

ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಮಂಗಳೂರಿಗೆ ಹೋಗಿದ್ದರಿಂದ ಆ ಸೀಸನ್ನಿನಲ್ಲಿ ಅವರನ್ನು ತಡೆಯುವವರಿರಲಿಲ್ಲ. ಮೊದಲ ವಾರವೇ ನನ್ನ ಬಾಗಿಲು ತಟ್ಟಿದರು. “ಒಬ್ಬನೇ ನೋಡಿದ್ರೆ ಹುಚ್ಚ ಅಂತಾರೆ, ಇಬ್ಬರಿದ್ರೆ ಫ್ಯಾನ್ಸ್. ಬಾ.” ನಾನು ಮೈಸೂರಿನವನು, ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವವನನ್ನೂ ಅವನ ಮೇಲೆ ಬೀಳುವ ರಾಶಿ ಜನರನ್ನೂ ನೋಡಿ, “ಇದೆಂಥ ಫುಟ್‌ಬಾಲ್ ಅಂಕಲ್? ಯಾರೂ ಒದೆಯುವುದೇ ಇಲ್ಲ!” ಎಂದೆ.

“ಒದೆಯುದು ನೋಡ್ಲಿಕ್ಕೆ ನಿನ್ನ ಮ್ಯಾನೇಜರ್ ಹತ್ರ ಹೋಗು. ಇಲ್ಲಿ ಚಾ ಕುಡಿ.”

ಚೆಂಡು ಎಸೆಯುವ ಸುಂದರ ನಾಯಕನ ಮೇಲೆ ಅವರಿಗೆ ಅಂಥ ಮೋಹವಿರಲಿಲ್ಲ. ಅವರ ಕಣ್ಣು ಅವನ ಮುಂದೆ ಬಗ್ಗಿ ನಿಲ್ಲುವ ಐದು ಜನ ದಡಿಯರ ಮೇಲೆ. ಎದುರಾಳಿಗಳು ನುಗ್ಗಿ ಬಂದಾಗ ಮೈಯನ್ನೇ ಅಡ್ಡ ಕೊಟ್ಟು ನಾಯಕನನ್ನು ಕಾಯುವುದಷ್ಟೇ ಅವರ ಕೆಲಸ. ಚೆಂಡು ಹಿಡಿದು ಓಡುವ ಭಾಗ್ಯ ಅವರಿಗಿಲ್ಲ. “ಇವರದ್ದು ನಮ್ಮ ಅಡಿಗೆಯವರ ಜಾತಿ ಮಾರಾಯ. ತಪ್ಪಿದ್ರೆ ಮಾತ್ರ ಹೆಸರು ಕರೀತಾರೆ,” ಎನ್ನುತ್ತಿದ್ದರು. ಐವರ ಹೆಸರೂ ಅವರಿಗೆ ಬಾಯಿಪಾಠ.

ಏನಾಯಿತೋ, ಆ ವರ್ಷ ತಂಡ ಗೆಲ್ಲತೊಡಗಿತು. ಹಿಂದೆ ಅಪರೂಪಕ್ಕೆ ಕೇಳುತ್ತಿದ್ದ ಹರಿವಾಣ ಈಗ ಪ್ರತಿ ಸೋಮವಾರ ನಾಲ್ಕೈದು ಸಲ ಮೊಳಗುತ್ತಿತ್ತು. ಮೊದಲು ಬೈದ ಮಹಡಿಯ ಜನ ಅಕ್ಟೋಬರ್ ಹೊತ್ತಿಗೆ ಅದಕ್ಕೆ ಹೊಂದಿಕೊಂಡರು. ಮೆಟ್ಟಿಲ ಪಕ್ಕದ ಮನೆಯ ಭಟ್ಕಳದ ಹಿರಿಯಮ್ಮ ಒಮ್ಮೆ ಅವರನ್ನು ಲಿಫ್ಟಿನಲ್ಲೇ ಹಿಡಿದುಕೊಂಡರು. “ನಿಮ್ಮ ಟೀಮು ಗೆದ್ದ ದಿವಸ ಬೆಳಗಿನ ನಮಾಜಲ್ಲಿ ನನ್ನ ಲೆಕ್ಕ ತಪ್ತದೆ ಭಾಯಿ.”

“ಹಾಗಾದ್ರೆ ದುವಾದಲ್ಲಿ ನಮ್ಮವರನ್ನೂ ಸೇರಿಸಿ ಅಮ್ಮ. ಡಿಫೆನ್ಸ್ ಭಾರಿ ವೀಕ್ ಉಂಟು.”

ನನ್ನ ಹೆಂಡತಿಯಂತೂ ನಿದ್ದೆಯಲ್ಲೇ, “ಹೂಂ, ಬಂತು ಪಾಯಿಂಟು” ಎಂದು ಗೊಣಗಿ ಮಗ್ಗುಲು ಬದಲಿಸುವಷ್ಟು ಪಳಗಿದ್ದಳು. ನಾವು ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಆ ಸೋಮವಾರ ಅಂಕಲ್ ಬಾಗಿಲು ತೆಗೆದಾಗ ಕಾರಿಡಾರಿನ ಲಿಫ್ಟ್ ಇರುವ ಕೊನೆ ಕಾಣುತ್ತಿರಲಿಲ್ಲ. ಅಲ್ಲಿ ಯಾರೋ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡಿತ್ತು. ಕಪ್ಪು ಹೊಗೆ ಚಾವಣಿಗೆ ಅಂಟಿಕೊಂಡು ನಮ್ಮ ಕಡೆ ತೆವಳುತ್ತಿತ್ತು. ಇನ್ನೊಂದು ಕೊನೆಯ ಮೆಟ್ಟಿಲು ಇನ್ನೂ ಕಾಣುತ್ತಿತ್ತು. ಕಟ್ಟಡದ ಅಲಾರಂ ಕೂಗಿರಲಿಲ್ಲ. ಕೂಗಿದ್ದು ನಾವೆಲ್ಲ ಕೆಳಗಿಳಿದ ಮೇಲೆ. ಅಂಕಲ್ ತಮ್ಮ ಕೈಯಲ್ಲಿದ್ದುದನ್ನೇ ಬಡಿಯತೊಡಗಿದರು. ಒಂದೇ ಸಮನೆ, ಇಡೀ ಮಹಡಿ ಅದುರುವಂತೆ.

ನಾನು ನಮ್ಮ ಬಾಗಿಲಿಗೆ ಓಡಿದೆ. ತಾನಾಗಿಯೇ ಲಾಕ್ ಆಗುವ ಬಾಗಿಲು ಅದು. ಬೀಗದ ಕೈ ಒಳಗೆ, ಫೋನೂ ಒಳಗೆ. ಎದುರುಮನೆಗೆ ಹೋಗುವವನು ಅದನ್ನೆಲ್ಲ ಯಾಕೆ ಒಯ್ಯುತ್ತಾನೆ? ಒಳಗೆ ಹೆಂಡತಿ, ಆರು ವರ್ಷದ ಮಗಳು. ಬೆಲ್ ಒತ್ತಿದರೆ ಸದ್ದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಎರಡೂ ಕೈಗಳಿಂದ ಬಡಿದು, ಬಾಗಿಲು ತೆಗಿ ಎಂದು ಕಿರುಚಿದೆ. ಕೆಮ್ಮಿನಲ್ಲಿ ಅರ್ಧ ಮಾತು ಕಡಿದುಹೋಯಿತು, ಉಳಿದರ್ಧವನ್ನು ಹರಿವಾಣ ನುಂಗಿತು. ಆಗ ಒಳಗಿನಿಂದ ಅವಳ ನಿದ್ದೆಗಣ್ಣಿನ ದನಿ ಕೇಳಿಸಿತು.

“ಗೊತ್ತಾಯ್ತು ಅಂಕಲ್, ಗೆದ್ರಿ! ಪಾಪು ಮಲ್ಗಿದೆ, ಸ್ವಲ್ಪ ಮೆಲ್ಲಗೆ!”

ಆ ಕ್ಷಣದ ಅಂಕಲ್ ಮುಖವೇ ನನಗೆ ಈಗಲೂ ಮತ್ತೆ ಮತ್ತೆ ಕಾಣುವುದು, ಬೆಂಕಿಯಲ್ಲ, ಹೊಗೆಯಲ್ಲ. ಸೌಟು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ತಮ್ಮ ಸದ್ದಿಗೆ ಈ ಮಹಡಿಯಲ್ಲಿ ಯಾರೂ ಏಳುವುದಿಲ್ಲವೆಂದು ಅವರಿಗೆ ಹೊಳೆಯಿತು. ಹರಿವಾಣವನ್ನು ಎಸೆದರು. “ಬದಿಗೆ ಹೋಗು,” ಎಂದರು. ಲುಂಗಿ ಮೇಲೆ ಕಟ್ಟಿ, ತಮ್ಮ ಬಾಗಿಲ ತನಕ ಹಿಂದೆ ಸರಿದು, ಟಿವಿಯ ಆ ದಡಿಯರ ಹಾಗೆ ಬಗ್ಗಿ, ನಮ್ಮ ಬಾಗಿಲಿಗೆ ಭುಜ ಕೊಟ್ಟು ನುಗ್ಗಿದರು. ಬಾಗಿಲು ಅಲುಗಲಿಲ್ಲ. ಪುನಃ ನುಗ್ಗಿದರು. ಆಗ ಹಸಿ ಕೊಂಬೆ ಮುರಿದಂಥ ಸದ್ದಾಯಿತು. ಮರ ಬಿರುಕು ಬಿಟ್ಟಿತೆಂದುಕೊಂಡೆ. ಅದು ಅವರ ಕೊರಳೆಲುಬು. ಮುರಿದ ಮೂಳೆಯಲ್ಲೇ ಅವರು ಮೂರನೇ ಸಲ ನುಗ್ಗಿದರು.

“ಇದು ಪಾಯಿಂಟಿನ ಸದ್ದಲ್ಲ ಅನ್ನಿಸ್ತು,” ಎಂದು ಹೆಂಡತಿ ಆಮೇಲೆ ಹೇಳಿದಳು. ಬಾಗಿಲು ಮುರಿಯಲಿಲ್ಲ. ಅವಳೇ ಎದ್ದು ಬಂದು ತೆಗೆದಾಗ ಹೊಗೆ ನಮ್ಮ ಎದೆಯ ಮಟ್ಟಕ್ಕೆ ಇಳಿದಿತ್ತು. ನಾನು ಮಗಳನ್ನು ಎತ್ತಿಕೊಂಡೆ. ಭಟ್ಕಳದ ಹಿರಿಯಮ್ಮ ನಮಾಜಿಗೆ ಎದ್ದಿದ್ದವರು ವಾಸನೆ ಹಿಡಿದು, ಸೊಸೆಯ ಜೊತೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಉಳಿದ ಎರಡು ಮನೆಗಳ ಬಾಗಿಲುಗಳಿಗೆ ಅಂಕಲ್ ಕಾಲಿನಿಂದ ಒದ್ದು, ತೆರೆದವರನ್ನು ಕೈ ಹಿಡಿದು ಹೊರಗೆಳೆದು, ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ತಾವು ಇಳಿದರು.

ಕೆಳಗೆ ಫುಟ್‌ಪಾತಿನಲ್ಲಿ ರಾತ್ರಿಯುಡುಗೆಯಲ್ಲಿ ನಿಂತವರೆಲ್ಲ ಒಬ್ಬರಿಗೊಬ್ಬರು ಅದೇ ಮಾತು ಹೇಳುತ್ತಿದ್ದರು: ಟಚ್‌ಡೌನ್ ಅಂದುಕೊಂಡೆವು. ಅಂಕಲ್ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕರ್ಬಿನ ಮೇಲೆ ಕೂತಿದ್ದರು. ಮಸಿ ಮೆತ್ತಿದ ಟೋಪಿ ಇನ್ನೂ ತಲೆಯ ಮೇಲಿತ್ತು. ಮಗಳು ಹೋಗಿ ಅದನ್ನು ಮುಟ್ಟಿ, “ಅಂಕಲ್, ಯು ಸ್ಮೆಲ್ ಲೈಕ್ ಬಾರ್ಬೆಕ್ಯೂ,” ಎಂದಳು. ಅವರು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದರು.

ಯಾರ ಪ್ರಾಣವೂ ಹೋಗಲಿಲ್ಲ. ಒಂದು ವಾರ ಶಾರ್ಜಾದಲ್ಲಿ ನೆಂಟರ ಮನೆಯಲ್ಲಿದ್ದು, ಕಾರಿಡಾರಿಗೆ ಸುಣ್ಣ ಬಳಿದ ಮೇಲೆ ನಾವು ಮರಳಿದೆವು. ಅಂಕಲ್ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಗೆ ಹಾಕಿಕೊಂಡು ಆಸ್ಪತ್ರೆಯಿಂದ ಬಂದರು. ಬದುಕು ಮೊದಲಿನಂತಾಯಿತು, ನನ್ನ ನಿದ್ದೆಯೊಂದನ್ನು ಬಿಟ್ಟು. ಪ್ರತಿದಿನ ನಸುಕಿನಲ್ಲಿ ಯಾರೋ ತಿವಿದಂತೆ ಎಚ್ಚರವಾಗುತ್ತಿತ್ತು. ಎದ್ದು ಬಾಗಿಲಿಗೆ ಅಂಗೈಯಿಟ್ಟು ಬಿಸಿಯಾಗಿದೆಯೇ ಎಂದು ನೋಡುತ್ತಿದ್ದೆ. ಮಗಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಕಾರಿಡಾರಿನಲ್ಲಿ ಲಿಫ್ಟಿನ ತನಕ ಹೋಗಿ ಬರುತ್ತಿದ್ದೆ. ಹೆಂಡತಿ ಆ ಸದ್ದು ಕೇಳದೆ ಮಗ್ಗುಲು ಬದಲಿಸಿದ್ದರೆ ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಅಂಕಲ್ ಕಾರಿಡಾರಿನಲ್ಲೇ ನನ್ನನ್ನು ಹಿಡಿದರು. ಹೆದರಬೇಡ ಎಂದು ಹೇಳಲಿಲ್ಲ. “ಹೇಗೂ ಎದ್ದಿದ್ದೀ. ಬಂದು ಈರುಳ್ಳಿ ಕೊಚ್ಚು. ನನಗೆ ಒಂದೇ ಕೈ.”

ಅಂದಿನಿಂದ ನಿದ್ದೆ ಬಾರದ ನಾನು ಅವರ ಅಡುಗೆಮನೆಯ ಆಳಾದೆ. ಅವರು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುವುದು, ನಾನು ರವೆ ಹುರಿಯುವುದು. ನಾನು ಉಪ್ಪಿಟ್ಟು ಅನ್ನುವುದು ಅವರ ಮಂಗಳೂರಿನ ಬಾಯಲ್ಲಿ ಸಜ್ಜಿಗೆ. “ನಿಮ್ಮ ಮೈಸೂರಲ್ಲಿ ಈರುಳ್ಳಿಯನ್ನು ಇಷ್ಟು ದೊಡ್ಡ ಕೊಚ್ಚುದಾ? ಗೋಡೆ ಕಟ್ಟುದಾ?” ಎನ್ನುವರು. ಒಂದು ದಿನ ಮಾತ್ರ ನನ್ನ ಮುಖ ನೋಡದೆ ಕೇಳಿದರು:

“ಮೂರು ತಿಂಗಳು ಬಡಿದು ಬಡಿದು ನಿಮ್ಮ ಕಿವಿಯನ್ನು ನಾನೇ ಹಾಳು ಮಾಡಿದ್ದಲ್ವಾ?”

“ಅಂಕಲ್, ನೀವು ಆಟಕ್ಕೆ ಎಬ್ಬಿಸದಿದ್ದರೆ ನಾವಿಬ್ಬರೂ ನಿದ್ದೆಯಲ್ಲೇ ಇರುತ್ತಿದ್ದೆವು. ಆಗ ಯಾರು ಯಾರನ್ನು ಎಬ್ಬಿಸಬೇಕಿತ್ತು?”

ಅವರು ಎಡಗೈಯಿಂದ ಬಾಣಲೆ ತೋರಿಸಿದರು. “ಆಯ್ತು, ಆಯ್ತು. ಸೀಯ್ತಾ ಉಂಟು, ತಿರುವು.” ಆದರೂ ಅವರ ದನಿ ಆ ದಿನದಿಂದ ಸ್ವಲ್ಪ ಹಗುರವಾಯಿತು.

ಅಷ್ಟರಲ್ಲಿ ತಂಡ ಪ್ಲೇ-ಆಫ್ ತಲುಪಿತ್ತು. ಅಂಕಲ್ ಅದನ್ನು ಬೆಂಬಲಿಸತೊಡಗಿದ ಮೇಲೆ ಇದೇ ಮೊದಲ ಸಲ. ಇದು ಸೋತರೆ ಮನೆಗೆ ಹೋಗುವ ಪಂದ್ಯ, ಅದೂ ಇಲ್ಲಿಯ ಸೋಮವಾರ ಬೆಳಿಗ್ಗೆ ಐದೂಕಾಲಿಗೆ ಸರಿಯಾಗಿ ನೇರಪ್ರಸಾರ. ಹಿಂದಿನ ಸಂಜೆ ಬಂದು, “ನಾಳೆ ರೆಕಾರ್ಡ್ ಅಲ್ಲ ಮಾರಾಯ, ಲೈವ್! ಅವರು ಅಲ್ಲಿ ಉಸಿರು ಬಿಟ್ರೆ ನಮಗೆ ಇಲ್ಲಿ ಕೇಳ್ತದೆ,” ಎಂದು ಮಗುವಿನಂತೆ ಕುಣಿದು ಹೋಗಿದ್ದರು. ಎಚ್ಚರವಂತೂ ಆಗೇ ಆಗುತ್ತದೆಂದು ನಾನು ಅಲಾರಂ ಕೂಡ ಇಡಲಿಲ್ಲ.

ಕಣ್ಣು ಬಿಟ್ಟಾಗ ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಬರಿಯಾಗಿ ಹಾಲಿಗೆ ಬಂದೆ. ಅಂಕಲ್ ನಮ್ಮ ಸೋಫಾದಲ್ಲಿ ಕೂತಿದ್ದರು. ಹೆಂಡತಿ ಚಪ್ಪಲಿ ಕಳಚಿ, ಸದ್ದಾಗದಂತೆ ಓಡಾಡುತ್ತಿದ್ದಳು. ಟಿವಿ ಆಫ್ ಆಗಿತ್ತು.

“ಅಂಕಲ್, ಆಟ?”

“ನೋಡ್ಲಿಲ್ಲ. ಸಂಜೆ ನೋಡುವ. ಯಾರಾದ್ರೂ ಸ್ಕೋರ್ ಹೇಳಿದ್ರೆ ನೋಡು ಮತ್ತೆ.”

“ಐದು ಗಂಟೆಗೆ ನಿಮ್ಮನ್ನ ಕರೆಯೋಕೆ ಬಂದವರು ಆಗಿನಿಂದ ಇಲ್ಲೇ ಕೂತಿದಾರೆ,” ಎಂದಳು ಹೆಂಡತಿ. “ಎಬ್ಬಿಸ್ತೀನಿ ಅಂದ್ರೆ ಬಿಡಲಿಲ್ಲ. ಪಾಪುನ ಸ್ಕೂಲ್ ಬಸ್ಸಿಗೂ ಅವರೇ ಬಿಟ್ಟು ಬಂದ್ರು.”

“ನಿನ್ನ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ,” ಎಂದರು ಅಂಕಲ್, ನನ್ನ ಫೋನನ್ನು ಎಡಗೈಯಲ್ಲಿ ಚಾಚುತ್ತಾ. “ಭಾರಿ ಅರ್ಜೆಂಟಂತೆ.”

“ಏನು ಹೇಳಿದಿರಿ?”

“ಎಂತ ಹೇಳುದು? ಮಲಗಿದ್ದಾನೆ ಅಂದೆ.”