ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಅಣ್ಣ

ನಮ್ಮದು ಬೆಟಗೇರಿಯ ನೇಕಾರರ ಮನಿ. ಅಣ್ಣ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ನಾನು ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ನೇಯ್ದ ಸೀರೆಗಳನ್ನು ಸೈಕಲ್ಲಿಗೆ ಬಿಗಿದು ಗದಗಿನ ಪೇಟೆಗೆ ಒಯ್ಯುವವನೂ ಅವನೇ.

ಸ್ವಾತಂತ್ರ್ಯ ಬಂದ ಮೇಲಿನ ಆ ವರ್ಷಗಳಲ್ಲಿ ಲಾರಿಗಳು ಹೆಚ್ಚಾದವು. ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದ ಹತ್ತಿ ಹೇರಿಕೊಂಡು ಬರುವವರಿಗೆ ಎಲ್ಲರಿಗಿಂತ ಮೊದಲು ಪೇಟೆ ಮುಟ್ಟುವ ಅವಸರ. ಪೇಟೆಯ ದಾರಿಯಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಸಂತೆಯ ದಿನ ಮಾತ್ರ ಒಬ್ಬ ಪೊಲೀಸ್ ನಿಂತು ಕೈ ತೋರಿಸುತ್ತಿದ್ದ. ಉಳಿದ ದಿನ ನುಗ್ಗಿದವರದೇ ರಸ್ತೆ.

ಅಣ್ಣ ಅಲ್ಲಿ ಬಲಕ್ಕೆ ತಿರುಗುವಾಗ ಬಲಗೈ ಪೂರ್ತಿ ಚಾಚುತ್ತಿದ್ದ. ಆ ದಿನವೂ ಚಾಚಿದ್ದನಂತೆ. ಹಿಂದಿನಿಂದ ಬಂದ ಹತ್ತಿಯ ಲಾರಿ ಅವನ ಬಲಗಾಲಿನ ಮೇಲೆ ಹಾಯ್ದಿತು. ಸುದ್ದಿ ತಿಳಿದು ನಾನೂ ಅತ್ತಿಗೆಯೂ ಓಡಿದೆವು. ಡ್ರೈವರ್ ಅಲ್ಲೇ ನಿಂತಿದ್ದ.

“ಕೈ ಮಾಡಿದ್ದು ಕಾಣಲಿಲ್ಲೇನು?” ಎಂದು ಅತ್ತಿಗೆ ಚೀರಿದಳು.

“ಕಂಡಿತ್ರಿ, ಯವ್ವಾ. ಹಾರ್ನ್ ಹೊಡದೆ. ನಿಲ್ಲತಾನ ಅನ್ಕೊಂಡೆ.”

ದವಾಖಾನಿಯಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ತೆಗೆದರು. ಮಗ್ಗ ತುಳಿಯಲು ಎರಡು ಕಾಲು ಬೇಕು. ಅಣ್ಣ ನೇಯುವುದು ಅಲ್ಲಿಗೇ ಮುಗಿಯಿತು.

ಅಲ್ಲಿ ದಿನಾ ಒಬ್ಬ ಪೊಲೀಸನನ್ನು ನಿಲ್ಲಿಸಿರಿ ಎಂದು ಓಣಿಯ ಹಿರಿಯರು ಪೊಲೀಸ್ ಸಾಹೇಬರ ಹತ್ತಿರ ಹೋದರು. ಆಗ ನಮ್ಮ ಕಡೆ ಇನ್ನೂ ಮುಂಬೈ ಸರಕಾರದ ಆಡಳಿತವಿತ್ತು. “ಮುಂಬೈಗೆ ಬರೀಬೇಕಾಗತೈತಿ. ಇನ್ನೇನ್ರಿ, ನಮ್ಮ ರಾಜ್ಯ ಒಂದಾಗೂದೈತಿ. ಆಮ್ಯಾಲೆ ಬರ್ರಿ” ಎಂದರು ಸಾಹೇಬರು.

ಕನ್ನಡ ನಾಡೆಲ್ಲ ಸೇರಿ ರಾಜ್ಯ ಒಂದಾಯಿತು. ಮೆರವಣಿಗೆ ಅದೇ ರಸ್ತೆಯಲ್ಲಿ ಹಾಯ್ದು ಹೋಯಿತು. ಅಂದು ಅಲ್ಲಿ ಸಾಲುಸಾಲಾಗಿ ಪೊಲೀಸರಿದ್ದರು, ಮರುದಿನ ಒಬ್ಬನೂ ಇರಲಿಲ್ಲ. ಹಿರಿಯರು ಮತ್ತೆ ಹೋದರು. “ಮುಂಬೈಯಿಂದ ಕಾಗದ ಇನ್ನೂ ಬಂದಿಲ್ಲ” ಎಂಬ ಉತ್ತರ ಸಿಕ್ಕಿತು. ಮೂರನೆಯ ಸಲ ಹೋಗಲು ಯಾರೂ ಏಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸೊರಟೂರಿನ ಮಾಸ್ತರರೊಬ್ಬರು ಅಲ್ಲೇ ಸೈಕಲ್ ಸಮೇತ ಲಾರಿಗೆ ಸಿಕ್ಕು ತೀರಿಕೊಂಡರು. ಅಣ್ಣ ಆ ದಿನ ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಊರುಗೋಲು ತೆಗೆದುಕೊಂಡು ಎದ್ದ.

“ಎಲ್ಲಿಗೆ ಹೊಂಟಿ, ಅಣ್ಣಾ?”

“ಪೊಲೀಸ್ ಇಲ್ಲಂದ್ರ ನಾನರ ನಿಲ್ಲತೀನಿ.”

ಊರುಗೋಲಿನ ಮೇಲೆ ಭಾರ ಹಾಕಿ, ಇನ್ನೊಂದು ಕೈ ಎತ್ತಿ ಲಾರಿಗಳನ್ನು ತಡೆಯುತ್ತಿದ್ದ. ಕಾಲೇಜಿನ ಹುಡುಗರು ಸೈಕಲ್ ಇಳಿದು ನಮಸ್ಕಾರ ಮಾಡಿ ದಾಟುತ್ತಿದ್ದರು. ಡ್ರೈವರುಗಳು ಮಾತ್ರ ನಿಲ್ಲದೆ ಅವನ ಬದಿಯಿಂದ ಹಾಯ್ದು ಹೋಗುತ್ತಿದ್ದರು. ಒಬ್ಬನಂತೂ ಭಿಕ್ಷುಕನೆಂದು ತಿಳಿದು ಕಾಸು ಎಸೆದ. ಸಂಜೆ ಅಣ್ಣ ಅದನ್ನು ನನಗೆ ಹೇಳಿದ. ಆದರೂ ಮರುದಿನ ಹೋದ.

ಕೊನೆಗೆ ಪೊಲೀಸ್ ಬಂದ, ಅಣ್ಣನನ್ನು ಅಲ್ಲಿಂದ ಕಳಿಸಲು. “ನೀವು ನಡುವ ನಿಂತ್ರ ಅಪಘಾತ ಆಗತಾವು. ಸಾಹೇಬರ ಹುಕುಂ ಐತ್ರಿ, ಮನಿಗೆ ನಡೀರಿ” ಎಂದು ರಟ್ಟೆ ಹಿಡಿದು ಟಾಂಗಾ ಹತ್ತಿಸಿದ. ಅಣ್ಣ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಆಮೇಲೆ ಅವನು ಓಣಿ ದಾಟಿದ್ದನ್ನು ನಾನು ಕಾಣೆ.

ಅತ್ತಿಗೆ ಹತ್ತಿ ಗಿರಣಿಯ ಕೆಲಸಕ್ಕೆ ಸೇರಿದಳು. ಗಿರಣಿಗೆ ಆ ನಾಲ್ಕು ರಸ್ತೆ ದಾಟದೆ ಬೇರೆ ದಾರಿ ಇರಲಿಲ್ಲ. ಅವಳು ಸಂಜೆ ತಿರುಗಿ ಬರುವ ತನಕ ಅಣ್ಣ ಬಾಗಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತಿರುತ್ತಿದ್ದ.