ಕೆಂಪು ಗೆರೆ ಎಳೆದ ಹೆಸರು

ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಡ್ರೈವರುಗಳು ಇಟ್ಟ ಹೆಸರು ‘ಇನ್ನೊಮ್ಮೆ’. ಒಂದು ಸಲ ತೂಗಿದ್ದನ್ನು ಅವನು ಎಂದೂ ನಂಬಿದವನಲ್ಲ. “ಇನ್ನೊಮ್ಮೆ ಹತ್ಸಪ್ಪಾ” ಎಂದು ಲಾರಿಯನ್ನು ಹಿಂದಕ್ಕೆ ಕಳಿಸಿ ಎಲ್ಲರ ಪ್ರಾಣ ತಿನ್ನುತ್ತಿದ್ದ. ಅಂಥವನು ಎಡವಬಾರದ ಕಡೆಯಲ್ಲೇ ಎಡವಿದ.

ಅವನ ತಾಯಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದಿನಾ ಒಂದೇ ಮಾತು ಕೇಳುತ್ತಿದ್ದಳು: “ಚಿಕ್ಕವಳು ಎಲ್ಲಿದ್ದಾಳೋ?” ಒಬ್ಬನೇ ಮಗನಾಗಿ ಬೆಳೆದವನಿಗೆ ಇದರ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಕೇಳಿದರೆ ಮುದುಕಿ ತುಟಿ ಬಿಚ್ಚಳು. ಕೂತಲ್ಲಿ ಕೂರಲಾರದೆ ಅವನು ಮಗಳ ಕಂಪ್ಯೂಟರಿನಲ್ಲಿ ವಂಶಾವಳಿ ಹುಡುಕುವ ವೆಬ್‌ಸೈಟ್ ತೆರೆದ. ತಾಯಿಯ ಹೆಸರು ಒತ್ತಿದ್ದೇ ತಡ, ಅವನಿಗಿಂತ ಎರಡು ವರ್ಷ ಚಿಕ್ಕ ತಂಗಿಯೊಬ್ಬಳು ಪರದೆಯ ಮೇಲೆ ಬಂದಳು. ಪಕ್ಕದಲ್ಲಿ, ಎಂಟು ತಿಂಗಳ ವಯಸ್ಸಿನಲ್ಲಿ ಮರಣ ಎಂದಿತ್ತು.

ಹೆತ್ತವಳಿಂದ ಮುಚ್ಚಿಡುವುದು ಬೇಡವೆಂದು ಅಂದೇ ಹೇಳಿಬಿಟ್ಟ. “ಅಮ್ಮ, ಚಿಕ್ಕವಳು ಎಂಟು ತಿಂಗಳಿಗೇ ತೀರ್ಕೊಂಡ್ಳಂತೆ.” ಮುದುಕಿ ಅಂದಿನಿಂದಲೇ ಊಟ ಬಿಟ್ಟಳು.

ಎರಡು ದಿನ ಅವನಿಗೆ ನಿಂತ ನೆಲ ಸುಡುತ್ತಿತ್ತು. ಮಗು ಕೈಯಲ್ಲೇ ಸತ್ತಿದ್ದರೆ, ಎಲ್ಲಿದ್ದಾಳೆ ಅಂತ ತಾಯಿ ಯಾಕೆ ಕೇಳುತ್ತಾಳೆ? ಮೂರನೆಯ ದಿನ ದಾಖಲೆ ಕಚೇರಿಗೆ ಓಡಿ ಮೂಲ ರಿಜಿಸ್ಟರು ತೆಗೆಸಿದ. ತಂಗಿಯ ಹೆಸರಿನ ಮೇಲೆ ಗೆರೆಯೇನೋ ಇತ್ತು, ಪಕ್ಕದಲ್ಲಿ ಅವಳಿಗೆ ಎಂಟು ತಿಂಗಳಾದಾಗಿನ ತಾರೀಖೂ ಇತ್ತು, ಆದರೆ ಅದು ಕೆಂಪು ಗೆರೆ.

“ಸತ್ರೆ ಕಪ್ಪು ಗೆರೆ ಎಳೀತಿದ್ರು,” ಎಂದಳು ದಾಖಲೆ ನೋಡಿಕೊಳ್ಳುವ ಹೆಂಗಸು. “ಕೆಂಪು ಅಂದ್ರೆ ದತ್ತು ಕೊಟ್ಟಿದ್ದು. ಕಂಪ್ಯೂಟರಿಗೆ ಹಾಕಿದವರು ನೋಡಿದ್ದು ಕಪ್ಪು-ಬಿಳುಪು ಜೆರಾಕ್ಸು. ಅದರಲ್ಲಿ ಎಲ್ಲಾ ಗೆರೆನೂ ಒಂದೇ.”

ಅಂಚಿನಲ್ಲಿದ್ದ ಪುಟಸಂಖ್ಯೆ ಹಿಡಿದು ಅವಳು ಇನ್ನೊಂದು ಪುಸ್ತಕ ತೆರೆದಳು. ಅಲ್ಲಿ ದತ್ತು ಪಡೆದವರ ಹೆಸರು, ವಿಳಾಸ ಎರಡೂ ಇದ್ದವು. ಅವನು ಬರೆದುಕೊಂಡು ಇನ್ನೊಮ್ಮೆ ತಾಳೆ ನೋಡಿದ. ಕಂಡವರ ಲಾರಿಯನ್ನೆಲ್ಲ ಎರಡೆರಡು ಸಲ ತೂಗಿದವನು, ಒಂದೇ ಸಲ ಓದಿ ತಾಯಿಯ ಪಾಲಿಗೆ ಮಗಳನ್ನು ಕೊಂದಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಚಪ್ಪಲಿ ಕಳಚದೆ ಮನೆಯೊಳಗೆ ನುಗ್ಗಿದ. “ಅಮ್ಮ, ನಾನು ಹೇಳಿದ್ದು ತಪ್ಪು. ಆವಾಗ ಅವಳು ಸತ್ತಿರ್ಲಿಲ್ಲ. ದತ್ತು ಕೊಟ್ಟಿದ್ರಂತೆ.”

“ಕೊಟ್ಟವಳು ನಾನೇ. ನೀನು ಅವಳನ್ನ ನೋಡಿದ್ಯಾ?”

“ಇಲ್ಲಮ್ಮ. ಐವತ್ತೆಂಟು ವರ್ಷದ ಹಿಂದಿನ ವಿಳಾಸ ಸಿಕ್ಕಿದೆ ಅಷ್ಟೇ. ಈಗ ಇದ್ದಾಳೋ ಇಲ್ವೋ...”

“ಹೋಗಿ ನೋಡ್ಕೊಂಡು ಬಾ. ಆಮೇಲೆ ಬಾಯಿ ಬಿಡು.” ಮುದುಕಿ ಮೊಣಕೈ ಊರಿ ಏಳಲು ನೋಡಿದಳು. “ಹೋಗೋ ಮುಂಚೆ ಆ ಹಾಲಿನ ಲೋಟ ಇಲ್ಲಿ ಕೊಡು. ನೀನು ಬರೋವರೆಗೂ ನಾನು ಇರ್ಬೇಕಲ್ಲ.”