ಇಬ್ಬರಿಗೆ ಒಂದೇ ಡಬ್ಬಿ

ಕ್ಯಾರೆಟ್ ತೊಳೆಯುವ ಯಂತ್ರದ ಪೀಪಾಯಿ ಬೆಳಗಿನ ಮಂಜಿನಲ್ಲಿ ಗಡಗಡ ಉರುಳತೊಡಗಿತ್ತು. ಊಟಿ ಬಳಿಯ ತುಮ್ಮನಟ್ಟಿಯಲ್ಲಿ ಆ ಸದ್ದು ಎದ್ದರೆ ಜಗದೀಶ ಹೊಲಕ್ಕಿಳಿಯುವ ಹೊತ್ತು. ಇಂದು ಅವನು ಮಲ್ಲಣ್ಣನ ಮನೆಯ ದಾರಿ ಹಿಡಿದಿದ್ದ.

ಜಗದೀಶನ ತಾತ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆನಿಂತವರು. ಮನೆಯಲ್ಲಿ ಇಂದಿಗೂ ಮೊಟ್ಟೆ ಬೇಯುವುದಿಲ್ಲ. ಅವನದು ಮೂಟೆ ಹೊರುವ ಕೆಲಸ. ಅದು ಜೋಡಿಯಲ್ಲೇ ನಡೆಯಬೇಕು: ಕೆಳಗಿನ ಹೊಲದಿಂದ ಒಬ್ಬ ಮೂಟೆಯನ್ನು ತಿಟ್ಟಿನ ಅರ್ಧ ಏರಿನವರೆಗೆ ಹೊತ್ತು ತಂದರೆ, ಅಲ್ಲಿ ನಿಂತವನು ಹೆಗಲು ಕೊಟ್ಟು ಲಾರಿಗೆ ಮುಟ್ಟಿಸುತ್ತಾನೆ. ಕೆಳಗಿನವನು ನಿಧಾನಿಸಿದರೆ ಮೇಲಿನವನು ಬರಿಗೈಲಿ ಕಾಯಬೇಕು. ಕೆಳಗೆ ಮಲ್ಲಣ್ಣ, ಮೇಲೆ ಜಗದೀಶ. ಕೆಲಸ ಕಲಿಸಿದವನೂ ಮಲ್ಲಣ್ಣನೇ.

ಕೆಲವು ತಿಂಗಳ ಹಿಂದೆ ಊಟಿಯ ಜಿಮ್ಮಿನ ಸೆಂಥಿಲ್ ಮಾತು ಕೇಳಿ ಜಗದೀಶ, ಮೈಗೆ ಕಸುವು ಕೊಡುವ ಕ್ರಿಯಾಟಿನ್ ಪುಡಿಯ ಡಬ್ಬಿ ತಂದ. ಇಬ್ಬರೂ ದಿನಾ ಒಂದೊಂದು ಚಮಚ ನೀರಿಗೆ ಕದಡಿ ಕುಡಿದರು. ಜಗದೀಶನ ತೋಳು ತುಂಬಿಕೊಂಡಿತು. ನಿದ್ದೆಗೆಟ್ಟ ಮರುದಿನವೂ ತಲೆ ತಿಳಿಯಾಗಿದೆ ಅನಿಸುತ್ತಿತ್ತು. ಮಲ್ಲಣ್ಣನಿಗೆ ಹೊಟ್ಟೆ ಉಬ್ಬರಿಸಿದ್ದು ಬಿಟ್ಟರೆ ಏನೂ ಆಗಲಿಲ್ಲ; ಜಗದೀಶ ಮೇಲೆ ಬರಿಗೈಲಿ ಕಾಯುವುದೇ ಹೆಚ್ಚಾಯಿತು.

"ಕುಡೀತಿದ್ದೀಯೋ, ಕೋಳಿಗೆ ಹಾಕ್ತಿದ್ದೀಯೋ ಅಣ್ಣ?" ಲಾರಿಯ ಬಳಿ ಎಲ್ಲರೆದುರು ಕೇಳಿದ್ದ ಜಗದೀಶ.

"ಕೋಳಿಗೆ ಹಾಕಿದ್ರೆ ಅದಾದ್ರೂ ದಪ್ಪ ಆಗೋದು ಕಣ್ಲಾ," ಎಂದು ಮಲ್ಲಣ್ಣ ನಕ್ಕಿದ್ದ.

"ತಮಾಷೆ ಸಾಕು. ಮೈಗಳ್ಳತನಕ್ಕೆ ಯಾವ ಪುಡೀನೂ ಇಲ್ಲ."

ಅಂದು ಮಲ್ಲಣ್ಣ ಅರ್ಧ ತಿಟ್ಟಿನಲ್ಲಿ ಮೂಟೆ ಬಿಟ್ಟುಕೊಡಲಿಲ್ಲ. ಚಾಚಿದ ಜಗದೀಶನ ಕೈ ತಳ್ಳಿ, ತಾನೇ ಲಾರಿಯವರೆಗೂ ಹೊತ್ತ. ಮತ್ತೆ ಇಳಿದ, ಮತ್ತೆ ಹೊತ್ತ. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದು ಕೆಸರಿನಲ್ಲಿ ಕುಸಿದ. ಡಿಸ್ಕ್ ಜಾರಿದೆ, ಇನ್ನು ಹೊರೆ ಹೊರಬಾರದು ಎಂದರು ಆಸ್ಪತ್ರೆಯಲ್ಲಿ.

ಮಲ್ಲಣ್ಣನಿಗೆ ಪುಡಿ ಯಾಕೆ ಹಿಡಿಯಲಿಲ್ಲ ಎಂದು ಆಮೇಲೆ ಜಗದೀಶ ಸೆಂಥಿಲನನ್ನು ಕೇಳಿದ.

"ನೀನು ಮಾಂಸ ಮುಟ್ಟಲ್ಲ ತಂಬಿ. ಪುಡಿಯಲ್ಲಿರೋದು ಮಾಂಸದಲ್ಲೂ ಇರುತ್ತೆ; ನಿನ್ನ ಮೈಲಿ ಅದು ಕಮ್ಮಿ ಇತ್ತು, ಚೆನ್ನಾಗಿ ಹಿಡೀತು. ಅವರು ಮೀನು, ಮಾಂಸ ತಿನ್ನೋರು, ಮೊದಲೇ ತುಂಬಿರುತ್ತೆ. ಕೆಲವರಿಗೆ ಎಷ್ಟು ಕುಡಿದರೂ ಹತ್ತಲ್ಲ. ಒಂದು ಮಾತು ಕೇಳ್ಬಾರ್ದಿತ್ತಾ?"

ಕೇಳಬಹುದಿತ್ತು. ಬಯ್ಯುವುದಕ್ಕೆ ಇದ್ದ ಅವಸರ ಕೇಳುವುದಕ್ಕೆ ಇರಲಿಲ್ಲ.

ಇಂದು ಜಗದೀಶ ಹೋದಾಗ ಮಲ್ಲಣ್ಣ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಹೆಂಡತಿ ಚಿನ್ನಿ ಟೀ ತಂದಿಟ್ಟಳು.

"ಅಣ್ಣ, ನೀನು ಪುಡಿ ಕುಡೀತಾನೇ ಇದ್ದೆ," ಎಂದ ಜಗದೀಶ.

"ಅದ್ನ ನಾನೇ ಹೇಳಿದ್ನಲ್ಲ. ಹೊಸ ಜೋಡಿ ಯಾರ್ಲಾ?"

"ಯಾರೂ ಇಲ್ಲ. ಪೂರಾ ತಿಟ್ಟು ನಾನೇ ಹತ್ತೋದು."

"ಸೊಂಟ ಹೋಯ್ತದೆ, ಪೆದ್ದ. ಯಾರ್ನಾದ್ರೂ ಸೇರಿಸ್ಕೊ. ಅವ್ನಿಗೆ ಪುಡಿ ಕೊಟ್ರೂ ಕೊಡು, ಬಯ್ಬೇಡ."

ಚಿನ್ನಿ ನಗಲಿಲ್ಲ. ಲೋಟ ಎತ್ತಿಕೊಳ್ಳಲು ಬಗ್ಗಿದ ಮಲ್ಲಣ್ಣ ಅರ್ಧಕ್ಕೇ ನಿಂತು, ಕಣ್ಣು ಮುಚ್ಚಿ, ಗೋಡೆ ಹಿಡಿದ. ಚಿನ್ನಿಯೇ ಲೋಟ ಅವನ ಕೈಗಿಟ್ಟಳು.

ಜಗದೀಶ ತನ್ನ ಟೀ ಮುಟ್ಟದೆ ಎದ್ದ. "ಅಣ್ಣ, ಆ ಮಾತು ಎಲ್ಲರ ಮುಂದೆ ಆಡಿದ್ದು. ಈಗ ಲಾರಿ ಹತ್ರ ಹೋಗಿ, ಎಲ್ಲರ ಮುಂದೇನೇ ತಪ್ಪು ನಂದು ಅಂತೀನಿ," ಎನ್ನುತ್ತಲೇ ಅಂಗಳ ದಾಟಿ, ಹೊಲದ ಕಡೆಗೆ ನಡೆದ.